ಅಕ್ಷರ ಸರಿ ಬರ್ತಿಲ್ಲವಾ? ತಪ್ಪು ಎಲ್ಲಿದೆ ಅಂತ ಹುಡುಕುವ ಬಗೆ

ಒಂದನೇ ತರಗತಿಯ ಮಗು ಪಾಟಿಯ ಮೇಲೆ ‘ಸ’ ಬರೆದು ತಂದು ತೋರಿಸುತ್ತದೆ. ಅದು ಸ ಥರಾ ಕಾಣುವುದಿಲ್ಲ. ಆಗ ನಾವು ಮೇಷ್ಟ್ರುಗಳು ಮಾಡುವುದು ಒಂದೇ ಕೆಲಸ: ಒರೆಸಿ, ಮೇಲೆ ಒಂದು ಚೆಂದದ ಸ ಬರೆದು, ‘ಹಿಂಗ ಬರಿ, ಹತ್ತು ಸಲ ಬರಿ’ ಅಂತ ಕಳಿಸುವುದು. ಮಗು ಹತ್ತು ಸಲ ಬರೆಯುತ್ತದೆ. ಅದೇ ತಪ್ಪು ಹತ್ತು ಸಲ ಗಟ್ಟಿಯಾಗುತ್ತದೆ, ಅಷ್ಟೇ.

ಬರೆದು ಮುಗಿದ ಅಕ್ಷರ ನೋಡಿದರೆ ತಪ್ಪಾಗಿದೆ ಅಂತ ಗೊತ್ತಾಗುತ್ತದೆ, ಯಾಕೆ ತಪ್ಪಾಯಿತು ಅಂತ ಗೊತ್ತಾಗಲ್ಲ. ಒಂದೇ ಥರದ ಕೆಟ್ಟ ಸ ಮೂರು ಮಕ್ಕಳಿಂದ ಮೂರು ಬೇರೆ ಕಾರಣಕ್ಕೆ ಬರಬಹುದು. ಒಬ್ಬಳಿಗೆ ಬಳಪ ಹಿಡಿಯಲು ಬರುತ್ತಿಲ್ಲ. ಒಬ್ಬನಿಗೆ ಕರಿಹಲಗೆ ಸರಿಯಾಗಿ ಕಾಣುತ್ತಿಲ್ಲ. ಇನ್ನೊಬ್ಬ ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯದೆ ಬಾಲದಿಂದ ತಲೆ ಕಡೆಗೆ ಬರೆಯುತ್ತಿದ್ದಾನೆ. ಮೂವರಿಗೂ ಹತ್ತು ಸಲ ಬರೆಯಲು ಹೇಳಿದರೆ ಮೂವರಿಗೂ ಉಪಯೋಗ ಇಲ್ಲ. ಹಾಗಾಗಿ ಮಗು ಬರೆಯುತ್ತಿರುವಾಗ ಅದರ ಕೈ ನೋಡಬೇಕು, ಆಮೇಲೆ ಪಾಟಿ.

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಸರ್ಕಾರಿ ಶಾಲೆಗಳ ನಲಿ-ಕಲಿ (ಮಕ್ಕಳು ಗುಂಪಾಗಿ ಕೂತು ಕಾರ್ಡ್ ಹಿಡಿದು ಕಲಿಯುವ ಪದ್ಧತಿ) ಕೋಣೆಯನ್ನು ತಲೆಯಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಒಂದು, ಎರಡು, ಮೂರನೇ ತರಗತಿ ಒಟ್ಟಿಗೆ, ಟೀಚರ್ ಒಬ್ಬರೇ. ಒಂದು ಮಗುವಿನ ಹಿಂದೆ ಅರ್ಧ ದಿನ ಕೂರಲು ಆಗುವುದಿಲ್ಲ ಅಂತ ನನಗೂ ಗೊತ್ತು.

ಮೊದಲು ನಾಲ್ಕು ಪರೀಕ್ಷೆ

ಒಂದೇ ಒಂದು ಅಕ್ಷರ ತಗೊಳ್ಳಿ. ಉಳಿದ ಮಕ್ಕಳು ತಮ್ಮ ‘ತಟ್ಟೆ’ಯ, ಅಂದರೆ ಗುಂಪಿನ, ಕಾರ್ಡ್ ಹಿಡಿದು ತಮ್ಮ ತಮ್ಮ ಕೆಲಸದಲ್ಲಿರುವಾಗ ಮಗುವನ್ನು ಪಕ್ಕಕ್ಕೆ ಕರೆಯಿರಿ. ಐದು ನಿಮಿಷದ ಕೆಲಸ.

ಮೊದಲು ನೆಲದ ಮೇಲೆ ಬರೆಸಿ. ನಮ್ಮ ಕಡೆ ಬಹಳ ಶಾಲೆಗಳಲ್ಲಿ ನೆಲಕ್ಕೆ ಶಹಾಬಾದ್ ಫರಸಿಯೇ (ಕಲ್ಲಿನ ಚಪ್ಪಡಿ) ಇರುತ್ತದೆ, ಸೀಮೆಸುಣ್ಣ ಅದರ ಮೇಲೆ ಚೆನ್ನಾಗಿ ಹತ್ತುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಒಂದು ಫರಸಿಗೆ ಒಂದು ಅಕ್ಷರ, ಈ ಅಂಚಿನಿಂದ ಆ ಅಂಚಿನ ತನಕ ದೊಡ್ಡದಾಗಿ. ನೆಲದ ಮೇಲೆ ಸರಿ ಬಂದು ಪಾಟಿಯ ಮೇಲೆ ಮಾತ್ರ ಕೆಟ್ಟರೆ ಮಗುವಿಗೆ ಅಕ್ಷರ ಗೊತ್ತಿದೆ, ತೊಂದರೆ ಬೆರಳಲ್ಲಿ ಅಥವಾ ಹಿಡಿತದಲ್ಲಿದೆ. ನೆಲದ ಮೇಲೂ ಕೆಟ್ಟರೆ ಅಕ್ಷರದ ದಾರಿಯೇ ಗೊತ್ತಿಲ್ಲ.

ಎರಡನೆಯದಕ್ಕೆ ಐದಾರು ಅಕ್ಷರದ ಕಾರ್ಡ್ ಹರಡಿ ‘ಸ ಎಲ್ಲದ, ತೋರ್ಸು’ ಅನ್ನಿ. ಆ ಐದಾರರಲ್ಲಿ ಅದನ್ನೇ ಹೋಲುವ ಒಂದೆರಡು ಇರಲೇಬೇಕು, ಇಲ್ಲದಿದ್ದರೆ ಪರೀಕ್ಷೆ ಸುಳ್ಳು. ತೋರಿಸಲು ತಡವರಿಸಿದರೆ ಬರೆಸುವುದನ್ನು ಸದ್ಯಕ್ಕೆ ನಿಲ್ಲಿಸಿ. ಗುರುತೇ ಸಿಗದ ಅಕ್ಷರವನ್ನು ಕೈ ಬರೆಯುವುದಾದರೂ ಹೇಗೆ?

ಮೂರನೆಯದು ಸ್ವಲ್ಪ ಉದ್ದ. ಅದೇ ಅಕ್ಷರವನ್ನು ಪಕ್ಕದಲ್ಲಿಟ್ಟ ಕಾರ್ಡ್ ನೋಡಿ ಬರೆಸಿ, ಹಲಗೆ ನೋಡಿ ಬರೆಸಿ, ಆಮೇಲೆ ಏನೂ ತೋರಿಸದೆ ಬಾಯಲ್ಲಿ ಹೇಳಿ ಬರೆಸಿ. ಪಕ್ಕದ್ದು ಸರಿ, ಹಲಗೆಯದು ತಪ್ಪು ಅಂದರೆ ಕಣ್ಣು, ಬೆಳಕು ಅಥವಾ ಕೂತ ಜಾಗ ನೋಡಿ. ಎರಡೂ ಸರಿ ಬಂದು ಹೇಳಿ ಬರೆಸಿದಾಗ ಮಾತ್ರ ತಪ್ಪಾದರೆ ಕಿವಿ ಮತ್ತು ಮನೆಮಾತು ನೋಡಿ.

ಕೊನೆಯದು ಸುಮ್ನೆ ನೋಡುವುದು. ಮಗುವಿನ ಹಿಂದೆ, ಭುಜದ ಮೇಲಿಂದ ನೋಡಿ. ಎದುರಿಗೆ ಕೂತರೆ ಅದರ ಬಲ ನಿಮಗೆ ಎಡವಾಗಿ ಲೆಕ್ಕ ತಪ್ಪುತ್ತದೆ, ಜೊತೆಗೆ ಮಗು ನಿಮ್ಮ ಮುಖ ನೋಡಿಕೊಂಡೇ ಬರೆಯುತ್ತದೆ. ಹುಬ್ಬು ಮೇಲೆ ಹೋದರೆ ಕೈ ನಿಲ್ಲಿಸುತ್ತದೆ, ಒರೆಸುತ್ತದೆ, ಅಸಲಿ ತಪ್ಪು ಹೊರಗೆ ಬರುವುದೇ ಇಲ್ಲ. ಬಳಪ ಮೊದಲು ಎಲ್ಲಿ ತಾಗಿತು, ಯಾವ ಕಡೆ ತಿರುಗಿತು, ಮಧ್ಯೆ ಎಷ್ಟು ಸಲ ಎತ್ತಿತು, ಈ ಮೂರು ನೋಡಿದರೆ ಸಾಕು.

ಬಳಪ ಮುಷ್ಟಿಯಲ್ಲಿದ್ದರೆ

ಇದು ಎಲ್ಲಕ್ಕಿಂತ ಜಾಸ್ತಿ ಕಾಣುವ ದೋಷ, ಎಲ್ಲಕ್ಕಿಂತ ಬೇಗ ಹೋಗುವುದೂ ಇದೇ. ಐದಾರು ವರ್ಷದ ಹೊತ್ತಿಗೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಸೇರಿ ಹಿಡಿಯುವುದು ಸಾಮಾನ್ಯವಾಗಿ ಬರುತ್ತದೆ. ಮನೆಯಲ್ಲಿ ಪೆನ್ಸಿಲ್ ಮುಟ್ಟದ, ಅಂಗನವಾಡಿಗೂ ಸರಿಯಾಗಿ ಹೋಗದ ಮಗು ಜೂನ್‌ನಲ್ಲಿ ಬಂದು ಕೂತಾಗ ಬಳಪವನ್ನು ಇಡೀ ಮುಷ್ಟಿಯಲ್ಲಿ ಹಿಡಿಯುತ್ತದೆ. ಆಗ ಬೆರಳು ಅಲ್ಲಾಡುವುದೇ ಇಲ್ಲ, ಭುಜದಿಂದ ಬರೆಯುತ್ತದೆ, ಅದಕ್ಕೇ ಗೆರೆಗಳು ದೊಡ್ಡ ದೊಡ್ಡದಾಗಿ ಪಾಟಿಯ ಅಂಚು ದಾಟುತ್ತವೆ.

ಪರಿಹಾರ ಖರ್ಚಿಲ್ಲದ್ದು. ಉದ್ದನೆ ಬಳಪ ಕಿತ್ತುಕೊಂಡು ಮುರಿದ ತುಂಡು ಕೊಡಿ, ಎರಡು ಮೂರು ಸೆಂಟಿಮೀಟರ್ ಇದ್ದರೆ ಸಾಕು. ಅಷ್ಟು ಸಣ್ಣದನ್ನು ಮುಷ್ಟಿಯಲ್ಲಿ ಹಿಡಿದು ಬರೆಯಲು ಆಗುವುದೇ ಇಲ್ಲ, ಮೂರು ಬೆರಳು ತಾವಾಗಿಯೇ ಕೂಡುತ್ತವೆ. ನಾವು ಬೆರಳು ಹಿಡಿದು ತಿದ್ದುವ ಕಷ್ಟವೂ ತಪ್ಪುತ್ತದೆ. ಹೊಸ ಪಾಟಿಚೀಲದಲ್ಲಿ ಹೊಸ ಉದ್ದನೆ ಪೆನ್ಸಿಲ್ ಕಳಿಸಿದ ಅವ್ವ-ಅಪ್ಪನಿಗೆ ಇದು ಸರಿ ಕಾಣುವುದಿಲ್ಲ, ‘ಸರ ತುಂಡು ಕೊಡ್ತಾರ’ ಅಂತ ದೂರು ಬರುತ್ತದೆ. ಒಂದು ಮಾತು ಹೇಳಿ ಒಪ್ಪಿಸಿ.

ಬೆರಳಿಗೆ ಶಕ್ತಿ ಬರಲು ತೊಗರಿ ಬೇಕು. ತೊಗರಿ ನಾಡಿನಲ್ಲಿ ತೊಗರಿಗೇನು ಬರವಾ? ಫರಸಿಯ ಮೇಲೆ ಬರೆದ ಅಕ್ಷರದ ಗೆರೆಯುದ್ದಕ್ಕೂ ಒಂದೊಂದೇ ಕಾಳು ಜೋಡಿಸಲು ಹೇಳಿ. ಕಾಳನ್ನು ಹೆಬ್ಬೆರಳು ತೋರುಬೆರಳಿನ ತುದಿಯಲ್ಲೇ ಎತ್ತಬೇಕಾಗುತ್ತದೆ, ಬಳಪಕ್ಕೆ ಬೇಕಾದ ಹಿಡಿತವೂ ಅದೇ. ಜೋಡಿಸುವಾಗ ಅಕ್ಷರ ಶುರುವಾಗುವ ಕಡೆಯಿಂದಲೇ ಶುರು ಮಾಡಿಸಿ, ಎರಡು ಕೆಲಸ ಒಟ್ಟಿಗೆ ಆಗುತ್ತದೆ. ಪಾಟಿ ಒರೆಸುವ ಬಟ್ಟೆ ಹಿಂಡುವ ಕೆಲಸವನ್ನೂ ಮಕ್ಕಳಿಗೇ ಬಿಡಿ.

ಒತ್ತಿ ಬರೆದು ಪೆನ್ಸಿಲ್ ಮೊನೆ ಮುರಿಯುವ ಮಕ್ಕಳದ್ದು ಇದೇ ಜಾತಿಯ ತೊಂದರೆ. ಹಾಳೆಯ ಕೆಳಗೆ ಒಂದು ಬಟ್ಟೆ ಮಡಿಚಿ ಇಡಿ. ಒತ್ತಿದರೆ ಹಾಳೆ ತೂತಾಗುತ್ತದೆ, ತೂತಾದದ್ದು ಕಣ್ಣಿಗೆ ಕಾಣುತ್ತದೆ, ಕೈ ತಾನೇ ಹಗುರ ಆಗುತ್ತದೆ.

ತಲೆಕಟ್ಟಿನ ಗೋಳು

ತಲೆಕಟ್ಟನ್ನು ನೋಡಿಯೇ ಅರ್ಧ ದೋಷ ಕಂಡುಹಿಡಿಯಬಹುದು, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ನಲಿ-ಕಲಿಯಲ್ಲಿ ಅ ಆ ಇ ಈ ಅಂತ ಶುರು ಮಾಡುವುದಿಲ್ಲ. ರ, ಗ, ಸ, ದ, ಅ ಅಂತ ಶುರು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಈ ಪದ್ಧತಿ ಹುಟ್ಟಿತು. ಹೋಲುವ, ಬರೆಯಲು ಸುಲಭದ ಅಕ್ಷರ ಮೊದಲು ಬಂದರೆ ಕೈಗೂ ಹಗುರ, ಐದೇ ಅಕ್ಷರಕ್ಕೆ ಸರ, ರಸ, ದರ, ಅರಸ, ಅಗಸ ಅಂತ ಪದಗಳೂ ಆಗುತ್ತವೆ. ನಮ್ಮ ಕಡೆಯ ಮಗುವಿಗೆ ಇದರಲ್ಲಿ ಒಂದು ಮಜಾ ಇದೆ: ನಮ್ಮ ಮಾತಿನಲ್ಲಿ ಮೇಷ್ಟ್ರು ಅಂದರೆ ‘ಸರ’, ಮೊದಲ ವಾರವೇ ಅದು ‘ಸರ’ ಬರೆದು ನಿಮ್ಮ ಮುಂದೆ ಹಿಡಿಯಬಹುದು. ಈ ಐದರಲ್ಲಿ ನಾಲ್ಕಕ್ಕೆ ತಲೆಕಟ್ಟಿದೆ. ಹಾಗಾಗಿ ಮಗುವಿನ ಕೈಗೆ ಎಲ್ಲದರ ಮೇಲೂ ತಲೆಕಟ್ಟು ಹಾಕುವ ಚಾಳಿ ಬೀಳುತ್ತದೆ. ಮುಂದೆ ಜ, ಬ, ಲ, ಟ, ಣ ಬಂದಾಗ ಅವುಗಳ ತಲೆಯ ಮೇಲೂ ಒಂದು ಗೆರೆ ಕೂರುತ್ತದೆ. ಲ-ಗೆ ತಲೆಕಟ್ಟು ಹಾಕಿದ ಮಗುವಿಗೆ ಲ ಬರುವುದಿಲ್ಲ ಅಂದುಕೊಳ್ಳಬೇಡಿ, ಅದು ರ-ದ ನಿಯಮವನ್ನು ಚೆನ್ನಾಗಿ ಕಲಿತಿದೆ. ‘ಟೊಪ್ಪಿಗಿ ಇಲ್ಲದ ಅಕ್ಷರ’ ಅಂತ ಈ ಗುಂಪನ್ನು ಬೇರೆ ಮಾಡಿ ಗೋಡೆಗೆ ಹಚ್ಚಿ. ಬೈಯುವ ಅಗತ್ಯವಿಲ್ಲ.

ಇನ್ನೊಂದು ನೋಟ. ಮಗು ಒಂದು ಸಾಲಿನಲ್ಲಿ ಮೊದಲು ಬರೀ ತಲೆಕಟ್ಟುಗಳನ್ನೇ ಎಡದಿಂದ ಬಲಕ್ಕೆ ಸಾಲಾಗಿ ಎಳೆದು, ಆಮೇಲೆ ವಾಪಸ್ ಬಂದು ಒಂದೊಂದರ ಕೆಳಗೆ ಒಂದೊಂದು ಹೊಟ್ಟೆ ಅಂಟಿಸುತ್ತದೆ. ನೋಡಲು ಸಾಲು ಚೆಂದವೇ ಇರುತ್ತದೆ, ನೀವು ‘ಶಭಾಷ್’ ಅಂತ ಟಿಕ್ ಹಾಕುತ್ತೀರಿ, ಆದರೆ ಆ ಮಗು ಒಂದು ಸಲವೂ ಪೂರ್ತಿ ರ ಬರೆದಿಲ್ಲ. ಇದು ಮುಗಿದ ಪಾಟಿ ನೋಡಿದರೆ ಎಂದೂ ಗೊತ್ತಾಗುವುದಿಲ್ಲ. ಹೇಳಿ ಬರೆಸಿದಾಗ ಮಾತ್ರ ಸಿಕ್ಕಿಬೀಳುತ್ತದೆ. ಸಾಲುಗಟ್ಟಲೆ ಒಂದೇ ಅಕ್ಷರ ಕೊಡುವುದನ್ನು ಬಿಟ್ಟು ರ ಗ ಸ, ರ ಗ ಸ ಅಂತ ಕಲಸಿ ಕೊಟ್ಟರೆ ಈ ಆಟ ನಡೆಯುವುದಿಲ್ಲ.

ತಲೆಕಟ್ಟು ಮೊದಲೋ, ಹೊಟ್ಟೆ ಮೊದಲೋ? ದೊಡ್ಡವರು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ, ಎಲ್ಲರದ್ದೂ ಓದಲು ಬರುತ್ತದೆ. ನಾನು ಹೊಟ್ಟೆ ಮೊದಲು, ತಲೆಕಟ್ಟು ಕೊನೆಗೆ ಅಂತ ಕಲಿಸುತ್ತೇನೆ, ಎಷ್ಟು ಅಗಲ ಹಾಕಬೇಕು ಅಂತ ಆಗ ಅಂದಾಜು ಸಿಗುತ್ತದೆ. ನಿಮ್ಮ ಪುಸ್ತಕ ಅಥವಾ ಕಾರ್ಡಿನಲ್ಲಿ ಬಾಣದ ಗುರುತಿದ್ದರೆ ಅದನ್ನೇ ಹಿಡಿಯಿರಿ. ಯಾವುದಾದರೂ ಸರಿ, ಒಂದು ಶಾಲೆಗೆ ಒಂದೇ ದಾರಿ ಇರಲಿ. ಅತಿಥಿ ಶಿಕ್ಷಕರು ಒಂದು ಥರ, ನೀವು ಇನ್ನೊಂದು ಥರ, ಮನೆಯಲ್ಲಿ ಅಕ್ಕ ಮತ್ತೊಂದು ಥರ ತೋರಿಸಿದರೆ ಮಗು ಮೂರನ್ನೂ ಬಿಟ್ಟು ತನ್ನದೇ ನಾಲ್ಕನೆಯದು ಹುಡುಕಿಕೊಳ್ಳುತ್ತದೆ.

ಇನ್ನು ಗಡಿಯ ವಿಷಯ. ಸೇಡಂ, ಗುರುಮಠಕಲ್ ಕಡೆ ಮನೆಯಲ್ಲಿ ಅಣ್ಣನೋ ಅಕ್ಕನೋ ತೆಲುಗು ಓದುತ್ತಿದ್ದರೆ ಮಗುವಿನ ತಲೆಕಟ್ಟು ಅಡ್ಡ ಗೆರೆಯಾಗಿ ಬರದೆ ಟಿಕ್ ಗುರುತಿನ ಥರ ಚೂಪಾಗಿ ಏಳುತ್ತದೆ. ತೆಲುಗಿನ ತಲೆಕಟ್ಟೇ ಹಾಗಿರುತ್ತದೆ. ಆಳಂದ, ಬಸವಕಲ್ಯಾಣ, ಭಾಲ್ಕಿ, ಔರಾದ್ ಕಡೆ ಮರಾಠಿ ಮನೆಯ ಮಗು ಪದದ ಎಲ್ಲ ಅಕ್ಷರಗಳ ಮೇಲೆ ಒಂದೇ ಉದ್ದ ಗೆರೆ ಎಳೆದುಬಿಡುತ್ತದೆ, ಮರಾಠಿ ಬರೆಯುವುದು ಹಾಗೇ. ಎರಡೂ ತಪ್ಪು ಕೈಯದ್ದಲ್ಲ. ಮಗು ಮನೆಯಲ್ಲಿ ಕಂಡಿದ್ದನ್ನು ಬರೆದಿದೆ. ಎರಡು ಲಿಪಿಯ ಒಂದೊಂದು ಪದ ಅಕ್ಕಪಕ್ಕ ಬರೆದು ‘ಇದು ಅಕ್ಕಂದು, ಇದು ನಮ್ದು’ ಅಂತ ತೋರಿಸಿದರೆ ಐದು ವರ್ಷದ ಮಗುವಿಗೂ ವ್ಯತ್ಯಾಸ ಹೊಳೆಯುತ್ತದೆ.

ಉಲ್ಟಾ ಬರೆಯುವುದು

ಮೊದಲು ಗಾಬರಿ ಬಿಡಿ. ಸುಮಾರು ಏಳು ವರ್ಷದ ತನಕ ಯಾವ ಲಿಪಿ ಕಲಿಯುವ ಮಗುವೂ ಆಗಾಗ ಅಕ್ಷರ ತಿರುಗಿಸಿ ಬರೆಯುತ್ತದೆ. ಬೆಕ್ಕು ಯಾವ ಕಡೆ ಮುಖ ಮಾಡಿದರೂ ಬೆಕ್ಕೇ ಅಂತ ಇಷ್ಟು ದಿನ ಕಲಿತ ಕಣ್ಣಿಗೆ ಅಕ್ಷರ ಮಾತ್ರ ತಿರುಗಿದರೆ ಕೆಡುತ್ತದೆ ಅನ್ನುವುದು ಹೊಸ ಸಂಗತಿ.

ಒಂದು ಸಣ್ಣ ಪರೀಕ್ಷೆ. 3 ಮತ್ತು 7 ಬರೆಸಿ. ಅಂಕಿಯೂ ಉಲ್ಟಾ ಬಂದರೆ ದಿಕ್ಕಿನ ತೊಂದರೆ. ಅಂಕಿ ಸರಿಯಾಗಿ ಬಂದು ಒಂದೇ ಅಕ್ಷರ ಮಾತ್ರ ತಿರುಗುತ್ತಿದ್ದರೆ ಆ ಅಕ್ಷರದ ಶುರುವಿನ ಜಾಗ ತಪ್ಪಿದೆ, ಅಲ್ಲೊಂದು ದಪ್ಪ ಚುಕ್ಕೆ ಇಟ್ಟುಕೊಟ್ಟರೆ ಮುಗಿಯಿತು.

ಬೆಳಗ್ಗೆ ಮಸೀದಿಯಲ್ಲಿ ಅರಬ್ಬಿ ಪಾಠಕ್ಕೆ ಹೋಗಿ ಆಮೇಲೆ ನಮ್ಮ ಶಾಲೆಗೆ ಬರುವ ಮಕ್ಕಳು ಇರುತ್ತಾರೆ. ಅಲ್ಲಿ ಬಲದಿಂದ ಎಡಕ್ಕೆ, ಇಲ್ಲಿ ಎಡದಿಂದ ಬಲಕ್ಕೆ. ಪಾಪ, ಮಗು ಸಾಲನ್ನು ಪಾಟಿಯ ಬಲ ಅಂಚಿನಿಂದ ಶುರು ಮಾಡಿದರೆ ಅದರಲ್ಲಿ ಆಶ್ಚರ್ಯ ಏನಿದೆ? ಎರಡು ದಿಕ್ಕಿನಲ್ಲಿ ಓದಲು ಕಲಿಯುತ್ತಿರುವ ಮಗು ಅದು, ಮಂದ ಬುದ್ಧಿಯ ಮಗು ಅಂತ ಮೂಲೆಗೆ ಕೂರಿಸಬೇಡಿ. ಪಾಟಿಯ ಎಡ ಅಂಚಿಗೆ ಕೆಂಪು ಬಣ್ಣದ ಪಟ್ಟಿ ಬಳಿದು ‘ಕನ್ನಡ ಇಲ್ಲಿಂದ’ ಅಂತ ಹೇಳಿದರೆ ಬೇಗ ಹೊಂದಿಕೊಳ್ಳುತ್ತದೆ.

ಒಂದರ ಬದಲು ಇನ್ನೊಂದು

ಪ ಮತ್ತು ಷ. ವ, ಮ ಮತ್ತು ಎ. ರ ಮತ್ತು ಠ. ದ, ಧ, ಥ. ಡ ಮತ್ತು ಢ. ಸ ಮತ್ತು ನ. ಇವು ಎಲ್ಲ ಕಡೆಯೂ ಕಲಸುವ ಜೋಡಿಗಳು. ಕಾರ್ಡ್ ಪರೀಕ್ಷೆಯಲ್ಲೂ ತಪ್ಪಿದರೆ ಕಣ್ಣಿಗೆ ವ್ಯತ್ಯಾಸ ಕಂಡಿಲ್ಲ ಅಂತ ಅರ್ಥ. ಜೋಡಿಯನ್ನು ಅಕ್ಕಪಕ್ಕ ದೊಡ್ಡದಾಗಿ ಬರೆದು, ಬೇರೆಯಾಗಿರುವ ಜಾಗವನ್ನು ಮಗುವೇ ಬೇರೆ ಬಣ್ಣದ ಸೀಮೆಸುಣ್ಣದಲ್ಲಿ ತಿದ್ದಲಿ: ಧ-ದ ಹೊಟ್ಟೆ ಸೀಳು, ಠ-ದ ಒಳಗಿನ ಚುಕ್ಕೆ, ಷ-ದ ಒಳಗೆರೆ. ಒಂದು ಎಚ್ಚರಿಕೆ. ಒಂದೇ ದಿನ ಎರಡನ್ನೂ ಹೊಸದಾಗಿ ಕಲಿಸಬೇಡಿ. ಪ ಗಟ್ಟಿಯಾದ ಮೇಲೆ ಷ ಬರಲಿ.

ಮ-ದ್ದು ಇನ್ನೊಂದು ಕಥೆ. ಕಾಗುಣಿತಕ್ಕೆ ಬಂದ ಮಗು ‘ವು’ ಬರೆದರೆ ಅದು ಮ ಥರಾ ಕಾಣುತ್ತದೆ, ‘ಹೂವು’ ಅಂತ ಬರೆದದ್ದನ್ನು ನಾವು ‘ಹೂಮ’ ಅಂತ ಓದಿ ನಗುತ್ತೇವೆ. ವ-ಕ್ಕೆ ಕೊಂಬು ಕೊಡುವಾಗ ಅದು ಕೆಳಗಿಳಿಯಬೇಕು, ಪ-ಕ್ಕೂ ಹಾಗೇ. ಇದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ, ಮಗು ಉಳಿದ ಅಕ್ಷರಕ್ಕೆ ಕೊಟ್ಟ ಹಾಗೆ ಪಕ್ಕಕ್ಕೇ ಅಂಟಿಸುತ್ತದೆ.

ಕಿವಿಯ ತಪ್ಪನ್ನು ಕೈಗೆ ಹೊರಿಸುವುದು

ನೋಡಿ ಬರೆದರೆ ಸರಿ, ಹೇಳಿ ಬರೆಸಿದರೆ ತಪ್ಪು. ಈ ಮಕ್ಕಳಿಗೆ ಕಾಪಿ ಬರೆಸಿ ಪ್ರಯೋಜನವೇ ಇಲ್ಲ, ಯಾಕೆಂದರೆ ಅವರ ಕೈ ಚೆನ್ನಾಗಿದೆ.

ನಮ್ಮ ಕಡೆ ಒಂದೇ ಕೋಣೆಯಲ್ಲಿ ಕನ್ನಡ, ಉರ್ದು, ತೆಲುಗು, ಮರಾಠಿ, ಲಂಬಾಣಿ ಎಲ್ಲ ಕೂತಿರುತ್ತವೆ. ಮನೆಯಲ್ಲಿ ಉರ್ದು ಮಾತಾಡುವ ಮಗುವಿನ ಬಾಯಲ್ಲಿ ಳ ಇರುವುದಿಲ್ಲ. ‘ಹಳ್ಳಿ’ ಅಂತ ಹೇಳಿದರೆ ಅದಕ್ಕೆ ಕೇಳುವುದು ‘ಹಲ್ಲಿ’, ಬರೆಯುವುದೂ ಅದನ್ನೇ. ಣ-ದ್ದೂ ಅದೇ ಪಾಡು. ಎ-ಏ, ಒ-ಓ ಬೇರೆ ಬೇರೆ ಅನ್ನುವುದು ಉರ್ದು, ಮರಾಠಿ ಮನೆಯ ಮಗುವಿಗೆ ಹೊಸದು, ಆ ಮಾತುಗಳಲ್ಲಿ ಹಾಗೆ ಗಿಡ್ಡ-ಉದ್ದ ಮಾಡಿ ಪದ ಬದಲಾಗುವುದಿಲ್ಲ. ಹಾಗಾಗಿ ಮೊದಲು ಬಾಯಲ್ಲಿ ಆಡಿಸಿ. ‘ಎಲೆ’ ಅನ್ನುವಾಗ ಒಂದು ಚಪ್ಪಾಳೆ, ‘ಏಣಿ’ ಅನ್ನುವಾಗ ಎರಡೂ ಕೈ ಅಗಲ. ಳ ಹೇಳುವಾಗ ನಾಲಿಗೆ ಮಡಿಚಿ ಮೇಲೆ ಹೋಗುವುದನ್ನು ಬಾಯಿ ತೆರೆದು ತೋರಿಸಿ, ಮಕ್ಕಳು ಒಬ್ಬರ ಬಾಯಿ ಒಬ್ಬರು ನೋಡಿಕೊಂಡು ನಗಲಿ. ಕಿವಿಗೆ ಹತ್ತಿದ ಮೇಲೆ ಬರೆಸಿ.

ಕನ್ನಡದ ಮನೆಯ ಮಗುವಿಗೂ ತಪ್ಪಿದ್ದಲ್ಲ. ‘ಮನೆ’ ಅಂತ ಹೇಳಿ ಬರೆಸಿ ನೋಡಿ, ಅರ್ಧ ತರಗತಿ ‘ಮನಿ’ ಬರೆಯುತ್ತದೆ. ‘ಒಲೆ’ ಅಂದರೆ ‘ಒಲಿ’. ಕೆಂಪು ಪೆನ್ನು ತೆಗೆಯುವ ಮುಂಚೆ ಒಂದು ಸಲ ಯೋಚಿಸಿ: ಆ ಮಗು ಹುಟ್ಟಿದಾಗಿನಿಂದ ಕೇಳಿದ್ದು ಮನಿ, ಹೇಳುವುದು ಮನಿ, ಬರೆದದ್ದೂ ಮನಿ. ನಿ-ಗೆ ಗುಡಿಸು ಕರೆಕ್ಟಾಗಿ ಕೊಟ್ಟಿದೆ. ಅಂದರೆ ಅದಕ್ಕೆ ಕಾಗುಣಿತ ಬರುತ್ತದೆ! ಇದನ್ನು ‘ಗುಡಿಸು ತಪ್ಪು’ ಅಂತ ಹೊಡೆದು ಹಾಕಿದರೆ ಸರಿಯಾಗಿ ಕಲಿತದ್ದನ್ನೇ ಮಗು ಅನುಮಾನಿಸಲು ಶುರು ಮಾಡುತ್ತದೆ. ‘ನಾವು ಮನಿ ಅಂತೀವಿ, ಪುಸ್ತಕದಾಗ ಮನೆ ಅಂತ ಇರ್ತದ’ ಅಂದರೆ ಸಾಕು.

ಚಿತ್ರದ ಪದಗಳನ್ನೂ ಒಮ್ಮೆ ನೋಡಿಕೊಳ್ಳಿ. ಚಿತ್ರ ನೋಡಿ ಮಗು ತನ್ನ ಮನೆಮಾತಿನ ಹೆಸರು ಹೇಳಿತು ಅಂದರೆ ಆ ಚಿತ್ರದಿಂದ ನಿಮಗೆ ಬೇಕಾದ ಅಕ್ಷರ ಹೊರಡುವುದಿಲ್ಲ. ತಾಂಡಾದಿಂದ ಬಂದ ಮಗುವಿಗೆ ಗೊತ್ತಿರುವ ಪದವನ್ನೇ ಕೇಳಿ ತಗೊಳ್ಳಿ. ಎಲ್ಲಕ್ಕಿಂತ ಒಳ್ಳೆಯದು ತರಗತಿಯ ಮಕ್ಕಳ ಹೆಸರೇ. ತನ್ನ ಹೆಸರಿನ ಮೊದಲ ಅಕ್ಷರವನ್ನು ಯಾವ ಮಗುವೂ ಮರೆಯುವುದಿಲ್ಲ.

ಕೆಳಗೆ ಹೋದಂತೆ ಕೆಡುವ ಕಾಪಿ

ಮೊದಲ ಸಾಲು ಸುಮಾರಾಗಿದೆ, ಎಂಟನೇ ಸಾಲಿನಲ್ಲಿ ಅಕ್ಷರ ಗುರುತೇ ಸಿಗುವುದಿಲ್ಲ. ಸೋಮಾರಿತನ ಅಂತ ತೀರ್ಮಾನ ಮಾಡಬೇಡಿ. ಮಗು ಎರಡನೇ ಸಾಲು ಬರೆಯುವಾಗ ನೋಡುವುದು ನಿಮ್ಮ ಅಕ್ಷರವನ್ನಲ್ಲ, ಮೇಲೆ ತಾನೇ ಬರೆದದ್ದನ್ನು. ಮೂರನೆಯದರಲ್ಲಿ ಎರಡನೆಯದನ್ನು. ಸಣ್ಣ ತಪ್ಪು ಸಾಲಿಂದ ಸಾಲಿಗೆ ದೊಡ್ಡದಾಗುತ್ತಾ ಇಳಿಯುತ್ತದೆ. ಮಾದರಿಯನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಬರೆದುಕೊಡಿ. ಅಥವಾ ಕೆಳಗಿನ ಸಾಲಿನಿಂದ ಮೇಲಕ್ಕೆ ಬರೆಸಿ, ಆಗ ಬರೆದದ್ದು ಕೈ ಕೆಳಗೆ ಮುಚ್ಚಿಹೋಗಿ ಕಣ್ಣು ಮಾದರಿಗೇ ಹೋಗುತ್ತದೆ. ಸಾಲು ಮೂರು ನಾಲ್ಕು ಇದ್ದರೆ ಸಾಕು. ಪುಟ ತುಂಬಿಸುವ ಕಾಪಿ ಮನೆಯವರನ್ನು ಮೆಚ್ಚಿಸುತ್ತದೆ, ಮಗುವಿಗೆ ಏನೂ ಕಲಿಸುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸಾಲು ಪೂರ್ತಿ ಬಲಕ್ಕೆ ಇಳಿಜಾರಾಗಿ ಹೋಗುತ್ತಿದ್ದರೆ ಇನ್ನೊಂದು ಕೈ ಎಲ್ಲಿದೆ ನೋಡಿ. ಪಾಟಿ ಹಿಡಿಯದೆ ತೊಡೆ ಮೇಲೆ ಬಿಟ್ಟಿದ್ದರೆ ಅದು ಬರೆದಂತೆಲ್ಲ ಜಾರುತ್ತದೆ.

ಕಾಗುಣಿತದಲ್ಲಿ

ಇಲ್ಲಿ ಒಂದೇ ಮಾತು. ‘ಕಿ’ ಬರೆಯುವಾಗ ಕ-ದ ತಲೆಕಟ್ಟು ಹೋಗಿ ಅದರ ಜಾಗಕ್ಕೆ ಗುಡಿಸು ಬರುತ್ತದೆ. ಬಹಳ ಮಕ್ಕಳು ತಲೆಕಟ್ಟನ್ನೂ ಉಳಿಸಿಕೊಂಡು ಅದರ ಮೇಲೆ ಗುಡಿಸು ಕೂರಿಸುತ್ತಾರೆ. ಪಾಟಿಯಲ್ಲಿ ಕ ಬರೆಸಿ, ಬೆರಳಿನಿಂದ ತಲೆಕಟ್ಟು ಮಾತ್ರ ಒರೆಸಲು ಹೇಳಿ, ಆಮೇಲೆ ಗುಡಿಸು ಹಾಕಲಿ. ಆ ಒರೆಸುವುದು ಕೈಗೆ ನೆನಪಿರುತ್ತದೆ. ಇದಕ್ಕೆ ಪಾಟಿಯೇ ಬೇಕು, ನೋಟ್‌ಬುಕ್‌ನಲ್ಲಿ ಆಗುವುದಿಲ್ಲ.

ಎಡಗೈ

ಎಡಗೈಯಲ್ಲಿ ಬರೆಯುವುದು ದೋಷವೇ ಅಲ್ಲ, ಆದರೂ ದೂರು ಬರುತ್ತದೆ. ಸಾಮಾನ್ಯವಾಗಿ ಬರುವುದು ಮನೆಯ ಹಿರಿಯರಿಂದ.

“ಸರ, ನಮ್ಮ ಹುಡುಗ ಎಡಗೈಲೆ ಬರಿತಾನ. ನಾಕು ಬಡೀರಿ, ಸರಿ ಹೋಗ್ತಾನ.”

“ಆಯಿ, ಬಡದ್ರ ಕೈ ಬದಲಾಗಂಗಿಲ್ರಿ. ಬರೆಯೋದೇ ಬಿಟ್‌ಬಿಡ್ತಾನ. ಊಟ ಬಲಗೈಲೆ ಮಾಡ್ಲಿ, ಬರೆಯೋದು ಅವನಿಗಿ ಬಿಡ್ರಿ.”

ಊಟದ ಕೈಯನ್ನು ಬೇರೆ ಮಾಡಿ ಹೇಳಿದರೆ ಆಯಿಗೆ ಸಮಾಧಾನ ಆಗುತ್ತದೆ. ತರಗತಿಯಲ್ಲಿ ಮಾಡಬೇಕಾದದ್ದು ಎರಡೇ. ಸಾಲಿನ ಎಡ ತುದಿಗೆ ಕೂರಿಸಿ, ಇಲ್ಲದಿದ್ದರೆ ಪಕ್ಕದವನ ಬಲ ಮೊಣಕೈಗೆ ಇವನ ಎಡ ಮೊಣಕೈ ತಾಗಿ ಇಬ್ಬರ ಅಕ್ಷರವೂ ಕೆಡುತ್ತದೆ. ಪಾಟಿಯನ್ನು ಸ್ವಲ್ಪ ಎಡಕ್ಕೆ ಸರಿಸಿ, ಮೇಲಿನ ಎಡ ಮೂಲೆ ಎತ್ತರಕ್ಕೆ ಬರುವಂತೆ ಓರೆ ಇಡಿಸಿ. ಹಾಗಿಟ್ಟರೆ ಬರೆದದ್ದನ್ನು ಕೈಯೇ ಒರೆಸಿಕೊಂಡು ಹೋಗುವುದು ಕಡಿಮೆಯಾಗುತ್ತದೆ.

ಮಗು ಸರಿ ಇದೆ, ಸಾಮಾನು ಕೆಟ್ಟಿದೆ

ಪಾಟಿಗೆ ಎಣ್ಣೆ ಕೈ ತಾಗಿದ್ದರೆ ಬಳಪ ಹತ್ತುವುದಿಲ್ಲ, ಮಗು ಒತ್ತಿ ಒತ್ತಿ ಬರೆಯುತ್ತದೆ. ಇದ್ದಿಲು ಪುಡಿ ಹಾಕಿ ಹಸಿ ಎಲೆಯಿಂದ ತಿಕ್ಕಿ ತೊಳೆಸಿ, ಇದು ಹಳೇ ಉಪಾಯ, ಈಗಲೂ ನಡೆಯುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ, ಬೆವರಿದ ಕೈಯಲ್ಲಿ ಪೆನ್ಸಿಲ್ ಜಾರುತ್ತದೆ. ಆ ತಿಂಗಳು ಬರವಣಿಗೆ ಬೆಳಗ್ಗೆ ಮೊದಲೇ ಮುಗಿಸಿ. ಬಾಗಿಲ ಬೆಳಕು ಹಲಗೆಗೆ ಬಿದ್ದು ಹೊಳೆಯುತ್ತಿದೆಯಾ ಅಂತ ಮಗುವಿನ ಜಾಗದಲ್ಲಿ ನೀವೇ ಕೂತು ನೋಡಿ, ನಿಂತವರಿಗೆ ಆ ಹೊಳಪು ಕಾಣುವುದಿಲ್ಲ.

ಕಣ್ಣಿನ ಅನುಮಾನ ಇದ್ದರೆ ಮುಂದೆ ಕೂರಿಸಿ. ಹಲಗೆಯ ಬರಹ ಅಂದೇ ಸುಧಾರಿಸಿದರೆ ತಡ ಮಾಡಬೇಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ, ಹುಟ್ಟಿದಾಗಿನಿಂದ 18 ವರ್ಷದ ತನಕದ ಮಕ್ಕಳ ತಪಾಸಣೆ ಅದರಲ್ಲಿ ಬರುತ್ತದೆ, ತಂಡ ಸರ್ಕಾರಿ ಶಾಲೆಗೆ ವರ್ಷಕ್ಕೊಮ್ಮೆ ಬರಬೇಕು. ಬಂದ ದಿನ ಆ ಮಗುವಿನ ಹೆಸರು ಮೊದಲು ಕೊಡಿ. ತಂಡ ಬರಲು ಇನ್ನೂ ತಿಂಗಳುಗಳಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ.

ಗುಳೆ ಹೋಗಿ ಬಂದ ಮಗು

ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರು ಅಂತ ಅಪ್ಪ-ಅವ್ವನ ಜೊತೆ ಕಟ್ಟಡದ ಕೆಲಸದ ಕಡೆ ಹೋಗಿ ತಿಂಗಳುಗಟ್ಟಲೆ ಬಿಟ್ಟು ಬಂದ ಮಗುವನ್ನು ಮತ್ತೆ ಮೊದಲಿನಿಂದ ಕೂರಿಸಬೇಡಿ. ಕಲಿತ ಅಕ್ಷರಗಳ ಕಾರ್ಡ್ ಹಾಕಿ, ಗುರುತಿಸಿದ್ದನ್ನು ಒಂದು ಕಡೆ, ಗುರುತಿಸದ್ದನ್ನು ಒಂದು ಕಡೆ ಇಡಿಸಿ. ಸಾಮಾನ್ಯವಾಗಿ ಕಣ್ಣಿಗೆ ಅಕ್ಷರ ನೆನಪಿರುತ್ತದೆ, ಕೈ ಮಾತ್ರ ಮರೆತಿರುತ್ತದೆ. ಹಾಗಿದ್ದರೆ ನೆಲದ ಮೇಲೆ ದೊಡ್ಡ ಅಕ್ಷರದಿಂದ ಕೈಯನ್ನು ಎಬ್ಬಿಸಿ, ಬೇಗ ವಾಪಸ್ ಬರುತ್ತದೆ.

ಎಷ್ಟು ದಿನ ಕಾಯಬೇಕು

ಒಂದನೇ ತರಗತಿಯ ಮಗುವಿಗೆ ಯಾವ ಕಾಯಿಲೆಯ ಹೆಸರೂ ಹಚ್ಚಬೇಡಿ. ಎರಡನೇ ತರಗತಿ ಮುಗಿಯುವ ಹೊತ್ತಿಗೂ ಬಾಯಲ್ಲಿ ಕಥೆ ಚೆನ್ನಾಗಿ ಹೇಳುವ, ಕಾರ್ಡ್ ಎಲ್ಲ ಗುರುತಿಸುವ ಮಗು ನಾಲ್ಕು ಅಕ್ಷರ ಬರೆಯಲು ಒದ್ದಾಡುತ್ತಿದ್ದರೆ, ನೋಡಿ ಬರೆಯುವುದೂ ಆಗದಿದ್ದರೆ ಆಗ ಬೇರೆಯವರಿಗೆ ತೋರಿಸುವ ಕಾಲ ಬಂತು. ಬರೆಯುವಾಗ ಕೈ ನಡುಗುವುದು, ಸ್ವಲ್ಪ ಬರೆದರೂ ಕೈ ನೋವು ಅಂತ ಅಳುವುದು ಇದ್ದರೆ ಅಷ್ಟು ಕಾಯುವುದೂ ಬೇಡ. ತಾಲ್ಲೂಕಿನ ಬಿಆರ್‌ಸಿಯಲ್ಲಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಸಂಪನ್ಮೂಲ ಶಿಕ್ಷಕರು ಇರುತ್ತಾರೆ, ಬಿಐಇಆರ್‌ಟಿ ಅಂತ ಕರೆಯುತ್ತಾರೆ, ಅವರನ್ನು ಕರೆಸಿ. ಅವರ ಮುಂದೆ ‘ಬರೆಯೋಕೆ ಬರಲ್ಲ’ ಅಂತ ಮಾತ್ರ ಹೇಳಿದರೆ ಅವರೂ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ನೆಲದ ಮೇಲೆ ಬರೆದದ್ದು ಹೇಗಿತ್ತು, ಕಾರ್ಡ್ ಗುರುತಿಸಿತಾ, ನೋಡಿ ಬರೆದದ್ದು ಮತ್ತು ಕೇಳಿ ಬರೆದದ್ದರಲ್ಲಿ ಯಾವುದು ಕೆಟ್ಟಿತು, ಬಳಪ ಮೊದಲು ಎಲ್ಲಿ ತಾಗಿತು, ಈ ನಾಲ್ಕನ್ನು ತಾರೀಕು ಹಾಕಿ ಒಂದು ಹಾಳೆಯಲ್ಲಿ ಬರೆದಿಟ್ಟು ಕೊಡಿ, ಜೊತೆಗೆ ಮಗು ಬರೆದ ಎರಡು ಮೂರು ಹಾಳೆ ತಿದ್ದದೆ ಹಾಗೇ ಇರಲಿ.